ಹಚ್ಚಿ, ಆಮೇಲೆ ಕೇಳಿ

ಮಾದೇವ ನಾಯ್ಕ ಜಾಲಿ ಊರಿನ ಆ ಮನೆಯ ಸೋಫಾದ ಮೇಲೆ ಕೂರದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಕೂತದ್ದು ಅವನ ತಪ್ಪೂ ಅಲ್ಲ. ಭಟ್ಕಳದ ಗ್ಯಾಸ್ ಏಜೆನ್ಸಿಯೊಂದರಲ್ಲಿ ಗುಮಾಸ್ತನಾದ ಅವನು ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವ. ಓಡಾಡಲಾಗದ ಗ್ರಾಹಕರ ಮನೆಗೇ ಹೋಗಿ, ಮೊಬೈಲಿನಲ್ಲಿ ಅವರ ಮುಖ ಹಿಡಿದು ಕೆವೈಸಿ ಮುಗಿಸಿ ಬಾ ಎಂದು ಯಜಮಾನರು ಕಳಿಸಿದ್ದರು. ದುಬೈಯಲ್ಲಿ ಮಗ ಇರುವ ಒಬ್ಬ ಅಜ್ಜಿಯ ಮುಖವನ್ನು ಎಷ್ಟು ಹಿಡಿದರೂ ಮೊಬೈಲು ಒಪ್ಪಲಿಲ್ಲ. ಅದು ಒಪ್ಪುವವರೆಗೆ ಕೂತಿರು ಎಂದು ಅಜ್ಜಿ ಸೋಫಾ ತೋರಿಸಿದರು.

ಆ ಸೋಫಾದ ಮರವೆಲ್ಲ ಕಪ್ಪು ಮಿಶ್ರಿತ ಕಂದು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬಣ್ಣ, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೈಯಿಟ್ಟಲ್ಲಿ ಮಾದೇವನಿಗೆ ತನ್ನ ಮುಖ ಕಂಡಿತು, ಅದೂ ಮನೆಯ ಕನ್ನಡಿಯಲ್ಲಿ ಕಾಣುವುದಕ್ಕಿಂತ ಸ್ವಲ್ಪ ಗಂಭೀರವಾಗಿ. ಬೀಟೆ ಮರವೋ ಎಂದು ಕೇಳಿದ. ಅಜ್ಜಿ ನಕ್ಕುಬಿಟ್ಟರು. ಸಾದಾ ಮರ, ಡಬ್ಬಿಯ ಬಣ್ಣ ಹಚ್ಚಿಸಿದ್ದು, ಬಂದವರೆಲ್ಲ ಬೀಟೆ ಎಂದೇ ತಿಳಿಯುತ್ತಾರೆ ಎಂದರು. ಈ ಕೊನೆಯ ಮಾತು ಮಾದೇವನ ತಲೆಯೊಳಗೆ ಹೋಗಿ ಕೂತಿತು. ಅಲ್ಲಿ ಬೇಕಾದಷ್ಟು ಜಾಗ ಇತ್ತು.

ಬೀಟೆ ಎಂದರೆ ನಮ್ಮ ಕಡೆ ಬರೀ ಮರವಲ್ಲ. ಕಡಿಯಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಕೊಳ್ಳಬೇಕಾದರೆ ಎದೆಗಾರಿಕೆ ಬೇಕು. ಮನೆಯಲ್ಲಿ ಬೀಟೆಯ ಒಂದು ಕುರ್ಚಿ ಇದ್ದವನ ಮಾತನ್ನು ನೆಂಟರು ಪೂರ್ತಿ ಕೇಳುತ್ತಾರೆ. ಮಾದೇವನ ಮಾತನ್ನು ಇದುವರೆಗೆ ಯಾವ ನೆಂಟರೂ ಅರ್ಧದಿಂದ ಆಚೆ ಕೇಳಿರಲಿಲ್ಲ. ಅದರಲ್ಲೂ ಹೆಂಡತಿ ರೇಖಾಳ ತವರಿನವರು, ಕುಮಟೆಯವರು, ಅವನನ್ನು ಪಾಪದವ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಈ ಮಾತಿನಲ್ಲಿ ಕನಿಕರ ಎಷ್ಟು, ಉಳಿದದ್ದು ಎಷ್ಟು ಎಂಬುದು ಎಲ್ಲರಿಗೂ ಗೊತ್ತು.

ಮನೆಗೆ ಬಂದು ನೋಡಿದರೆ ಕುರ್ಚಿ, ಮೇಜು, ಕಪಾಟು ಎಲ್ಲಕ್ಕೂ ಕಾಮಾಲೆ ಹಿಡಿದ ಹಾಗಿತ್ತು. ಎಲ್ಲಕ್ಕಿಂತ ಹಳದಿಯಾಗಿ ಜಗಲಿಯ ಮಧ್ಯದಲ್ಲಿ ಕೂತಿತ್ತು, ಅಟ್ಟದಿಂದ ಇಳಿಸಿಟ್ಟ ಹಲಸಿನ ತೊಟ್ಟಿಲು.

ಈ ತೊಟ್ಟಿಲು ಅವನದ್ದಲ್ಲ. ರೇಖಾಳ ಅಜ್ಜ ಮಾಡಿಸಿದ್ದು. ಕುಟುಂಬದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟುತ್ತದೋ ಅವರ ಮನೆಗೆ ಹೋಗುತ್ತದೆ, ಮುಂದಿನ ಮಗು ಹುಟ್ಟುವವರೆಗೆ ಅಲ್ಲೇ ಅಟ್ಟದ ಮೇಲೆ ಇರುತ್ತದೆ. ಇಟ್ಟುಕೊಂಡವರೇ ಅದನ್ನು ಶುಚಿ ಮಾಡಿ, ಒಳಗೊಂದು ತೆಂಗಿನಕಾಯಿ ಇಟ್ಟು, ನಾಮಕರಣದ ಹೊತ್ತಿಗೆ ಆ ಮನೆಗೆ ಮುಟ್ಟಿಸಬೇಕು. ಕುಟುಂಬದ ಯಾವ ಕೂಸೂ ಬೇರೆ ತೊಟ್ಟಿಲಲ್ಲಿ ಮೊದಲು ಮಲಗಿದ್ದಿಲ್ಲ. ನಾಲ್ಕೂ ಮೂಲೆಗೆ ನಾಲ್ಕು ಕೆತ್ತಿದ ಗಿಳಿ, ಮೈಯೆಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿ. ಹಲಸಿನ ಮರವೂ ಹಳದಿ, ತೊಟ್ಟಿಲೂ ಹಳದಿ, ಆದ್ದರಿಂದ ಹಲಸಿನ ತೊಟ್ಟಿಲು ಎಂದೇ ಹೆಸರು. ಎತ್ತುವಾಗ ಮಾತ್ರ ಎಲ್ಲರೂ ಸೊಂಟ ಹಿಡಿದುಕೊಂಡು, ಹಲಸು ಇಷ್ಟು ಭಾರವೇ ಎನ್ನುತ್ತಿದ್ದರು.

ಈಗ ಕುಮಟೆಯಲ್ಲಿ ರೇಖಾಳ ಸೋದರತ್ತೆ ಕಮಲಿಯ ಮೊಮ್ಮಗಳು ಪವಿತ್ರಾ ಹೆತ್ತಿದ್ದಳು. ರೇಖಾ ಬಾಣಂತನಕ್ಕೆ ಕೈಜೋಡಿಸಲು ಮಗಳನ್ನೂ ಕರೆದುಕೊಂಡು ಮೊದಲೇ ಹೋಗಿದ್ದಳು. ಭಾನುವಾರ ನಾಮಕರಣ. ತೊಟ್ಟಿಲಿಗೆ ನಾನು ಜವಾಬ್ದಾರಿ ಎಂದು ಅತ್ತೆಯ ಮುಂದೆ ಒಪ್ಪಿಕೊಂಡು ಬಂದಿದ್ದವಳು ಅವಳೇ. ಹಾಗಾಗಿ ಫೋನಿನಲ್ಲಿ ಗಂಡನಿಗೆ ಒಂದೇ ಕೆಲಸ ಹೇಳಿದಳು.

“ಹೋಯ್, ಒದ್ದೆ ಬಟ್ಟೆಲಿ ಒರಸಿ ಇಡಿ ಸಾಕು. ಬೇರೆ ಎಂತದೂ ಮಾಡೂಕೆ ಹೋಗ್ಬೇಡಿ.”

ಆತು ಎಂದ ಮಾದೇವ. ಆದರೆ ಫೋನಿಡುವ ಹೊತ್ತಿಗೆ ಅವನ ಕಣ್ಣ ಮುಂದೆ ಬೇರೆಯೇ ತೊಟ್ಟಿಲು ತೂಗುತ್ತಿತ್ತು. ಕಪ್ಪಗೆ, ಒಂದೇ ಸಮ, ಮುಖ ಕಾಣುವ ಹಾಗೆ. ಕುಮಟೆಯವರು ಸುತ್ತ ನಿಂತು ಅವನ ಮಾತನ್ನು ಪೂರ್ತಿ ಕೇಳುತ್ತಿದ್ದರು.

ಮರುದಿನ ಭಟ್ಕಳದ ಬಣ್ಣದ ಅಂಗಡಿಯಲ್ಲಿ ಅಂಗಡಿಯವರು ಎಂತ ಮರ ಎಂದು ಕೇಳಿದರು. ಹಲಸು ಎಂದ. ಮೇಲಿದ್ದ ಹಳೆಯದನ್ನೆಲ್ಲ ತೆಗೆದಿದ್ದೀರಲ್ಲ ಎಂದು ಕೇಳಿದರು. ತೊಟ್ಟಿಲಲ್ಲಿದ್ದ ಹಳೆಯ ಗೋಣಿ, ಪೇಪರು, ಒಂದು ಇಲಿ ಬೋನು ಎಲ್ಲವನ್ನೂ ಮಾದೇವ ಹಿಂದಿನ ದಿನವೇ ತೆಗೆದಿದ್ದ. ಹಾಗಾಗಿ ತೆಗೆದಾತು ಎಂದು ಧೈರ್ಯವಾಗಿ ಹೇಳಿದ. ಅವರು ಕೇಳಿದ್ದು ಹಳೆಯ ಬಣ್ಣದ ವಿಷಯ ಎಂಬುದು ಅವನಿಗೆ ಹೊಳೆಯಲಿಲ್ಲ. ಹಳದಿ ಎಂಬುದು ಬಣ್ಣವಲ್ಲ, ಹಲಸಿನ ಸ್ವಭಾವ ಎಂದೇ ಅವನ ನಂಬಿಕೆ.

ಹಚ್ಚುವ ಕ್ರಮ ತಿಳಿಯಲು ಅವನು ಮೊಬೈಲಿನಲ್ಲಿ ಒಂದು ಹಿಂದಿ ವಿಡಿಯೋ ಹುಡುಕಿದ. ಕನ್ನಡದ್ದೂ ಇತ್ತು. ಆದರೆ ಮಾದೇವ ಹೈಸ್ಕೂಲಿನಲ್ಲಿದ್ದಾಗ ಹಿಂದಿ ಪರೀಕ್ಷೆಯೊಂದನ್ನು ಪಾಸು ಮಾಡಿದವ, ಅದರ ಸರ್ಟಿಫಿಕೇಟು ಜಗಲಿಯ ಗೋಡೆಯ ಮೇಲೆ ಈಗಲೂ ಇದೆ. ವಿಡಿಯೋದ ಮನುಷ್ಯ ಮರಕ್ಕೆ ಬಣ್ಣ ಬಳಿದು, ಲಗಾವೋ, ಫಿರ್ ತುರಂತ್ ಪೋಂಛೋ ಎಂದ. ಪೋಂಛೋ ಎಂದರೆ ಒರಸು. ಪೂಛೋ ಎಂದರೆ ಕೇಳು. ಎರಡರ ನಡುವೆ ಇರುವುದು ತುಸು ತುಟಿ, ತುಸು ಮೂಗು. ಮಾದೇವನ ಮೊಬೈಲಿನ ಸ್ಪೀಕರು ಮೊದಲೇ ಒಡಕು, ಅದಕ್ಕೆ ತುಟಿಯೂ ಇರಲಿಲ್ಲ, ಮೂಗೂ ಇರಲಿಲ್ಲ. ಹಚ್ಚಿ, ಕೂಡಲೇ ಕೇಳಿ ಎಂದು ಅವನು ಅರ್ಥ ಮಾಡಿಕೊಂಡ. ಕೇಳದಿದ್ದರೆ ಕಲೆ ಉಳಿಯುತ್ತದೆ ಎಂದು ವಿಡಿಯೋದವನು ಎಚ್ಚರಿಸಿದ ಹಾಗೂ ಕೇಳಿಸಿತು. ತನ್ನ ಕಣ್ಣನ್ನೇ ನಂಬದೆ ನಾಲ್ಕು ಜನರ ಅಭಿಪ್ರಾಯ ತೆಗೆದುಕೊಳ್ಳುವ ಈ ಪದ್ಧತಿ ಮಾದೇವನಿಗೆ ಬಹಳ ಹಿಡಿಸಿತು. ವಿಡಿಯೋ ಪೂರ್ತಿ ನೋಡುವ ಅಗತ್ಯ ಕಾಣಲಿಲ್ಲ.

ಶನಿವಾರ ರಜೆ ಹಾಕಿ ಅಂಗಳದಲ್ಲಿ ಕೆಲಸ ಶುರು ಮಾಡಿದ. ಒಂದು ಮಗ್ಗುಲಿಗೆ ಬಣ್ಣ ಬಳಿದವನೇ ಬ್ರಶ್ಶು ಹಿಡಿದುಕೊಂಡು ಬೇಲಿಯ ದಣಪೆ ಬಾಗಿಲಿಗೆ ಓಡಿದ. ಮೀನಿನ ಬುಟ್ಟಿ ಹೊತ್ತು ಗಣಪಿಯಕ್ಕ ಬರುತ್ತಿದ್ದಳು. ಬಂದರಿನಿಂದ ಮೀನು ತಂದು ಆ ಓಣಿಗೆಲ್ಲ ಕೊಡುವವಳು ಅವಳು. ಸುದ್ದಿ ಕೊಡುವವಳೂ ಅವಳೇ, ಅದಕ್ಕೆ ದುಡ್ಡಿಲ್ಲ. ಹೇಗೆ ಕಾಣುತ್ತದೆ ಎಂದು ಮಾದೇವ ಕೇಳಿದ. ಗಣಪಿಯಕ್ಕ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನೋಡಿದಳು.

“ಬಂಗಡೆ ಬೆನ್ನಿನಾಂಗೆ ಪಟ್ಟೆ ಪಟ್ಟೆ ಬಂದದೆ ಮಾದೇವಣ್ಣ.”

ಇದು ಹೊಗಳಿಕೆಯೋ ಎಂದು ಮಾದೇವ ಯೋಚಿಸಿದ. ಗಣಪಿಯಕ್ಕನ ಬಾಯಲ್ಲಿ ಬಂಗಡೆಗಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ಸೋಫಾಕ್ಕೆ ಪಟ್ಟೆ ಇರಲಿಲ್ಲ. ಅಷ್ಟರಲ್ಲಿ ಒರಸದೇ ಬಿಟ್ಟ ಬಣ್ಣ ಎಲ್ಲಿ ದಪ್ಪಗಿತ್ತೋ ಅಲ್ಲಿ ಅಂಟಂಟಾಗಿ, ಎಲ್ಲಿ ತೆಳ್ಳಗಿತ್ತೋ ಅಲ್ಲಿ ಒಣಗಿ ಕೂತಿತು. ಪಟ್ಟೆ ಮುಚ್ಚಲು ಇನ್ನೊಂದು ಸಲ ಬಳಿದ. ಬಳಿದು ಪಕ್ಕದ ಮನೆಯ ಶಾನಭಾಗ ಮಾಮರನ್ನು ಕೇಳಲು ಹೋದ.

ಶಾನಭಾಗ ಮಾಮ ಬ್ಯಾಂಕಿನಿಂದ ನಿವೃತ್ತರಾದವರು. ಯಾರೂ ಅಭಿಪ್ರಾಯ ಕೇಳದೆ ಎಷ್ಟೋ ಕಾಲವಾಗಿತ್ತು. ಅಂಗಿ ಹಾಕಿಕೊಂಡು, ಕನ್ನಡಕ ಒರಸಿಕೊಂಡು ಬಂದರು. ಆ ಅಂಗಳದಲ್ಲಿ ಆ ದಿನ ಒರಸಿದ್ದು ಅದೊಂದೇ. ಸುತ್ತು ಬಂದು ಪರೀಕ್ಷಿಸಿ, ಎಡ ಕಪ್ಪಾಗಿದೆ, ಬಲ ಕಡಿಮೆಯಾಗಿದೆ, ಬಲಕ್ಕೆ ಹಾಕು ಎಂದರು. ಬಲಕ್ಕೆ ಹಾಕಿದ ಮೇಲೆ ಮತ್ತೆ ಕರೆಸಿಕೊಂಡಾಗ, ಈಗ ಎಡ ಕಡಿಮೆಯಾಯಿತು ಎಂದರು. ಹೀಗೆ ಎಡಬಲಗಳು ಅಣ್ಣ ತಮ್ಮಂದಿರು ಪಾಲಿಗೆ ಕೂತ ಹಾಗೆ ಪೈಪೋಟಿಗೆ ಬಿದ್ದವು. ಪೋಸ್ಟಿನವನು ಕಾಲು ಸರಿಯಿಲ್ಲ ಎಂದ. ದಾರಿಹೋಕನೊಬ್ಬ ತಲೆ ಸರಿಯಿಲ್ಲ ಎಂದ, ತೊಟ್ಟಿಲಿನದ್ದೇ ಇರಬೇಕು ಎಂದು ಮಾದೇವ ಅಲ್ಲಿಗೂ ಬಳಿದ. ಡಬ್ಬಿ ಮುಗಿಯುವ ಹೊತ್ತಿಗೆ ಕಪ್ಪು ಅಲ್ಲದ ಜಾಗ ಯಾವುದೂ ಉಳಿದಿರಲಿಲ್ಲವಾದ್ದರಿಂದ, ಬಣ್ಣ ಒಂದೇ ಸಮ ಬಂತು ಎಂದು ಒಪ್ಪದೆ ದಾರಿಯಿರಲಿಲ್ಲ. ಗಿಳಿಗಳು ನಾಲ್ಕೂ ಕಾಗೆಗಳಾಗಿದ್ದವು.

“ಬೀಟೆ ಕಂಡಾಂಗೆ ಕಾಣ್ತದೆ ಮಾದೇವ,” ಎಂದರು ಶಾನಭಾಗ ಮಾಮ, ಹೊಟ್ಟೆ ಹಸಿದಿದ್ದರಿಂದ.

ಮಾದೇವನಿಗೆ ಕಣ್ಣು ತುಂಬಿ ಬಂತು. ಬುಟ್ಟಿ ಖಾಲಿ ಮಾಡಿ ವಾಪಸು ಹೊರಟಿದ್ದ ಗಣಪಿಯಕ್ಕ ಈ ಮಾತನ್ನು ಕೇಳಿಸಿಕೊಂಡಳು. ತಿರುವಿನವರೆಗೆ ಹೋಗುವಷ್ಟರಲ್ಲಿ ‘ಕಂಡಾಂಗೆ’ ಬಿದ್ದುಹೋಗಿ ‘ಬೀಟೆ’ ಮಾತ್ರ ಅವಳ ಹತ್ತಿರ ಉಳಿದಿತ್ತು. ಮಾದೇವಣ್ಣನ ಮನೆಗೆ ಬೀಟೆ ಬಂದಿದೆ ಎಂದು ಮೀನುಪೇಟೆಯಲ್ಲಿ ಹೇಳಿದಳು. ಮೀನುಪೇಟೆಯಿಂದ ಬಸ್ ಸ್ಟ್ಯಾಂಡಿಗೆ ಬರುವಾಗ ಬೀಟೆ ತುಂಡುಗಳಾಗಿದ್ದವು. ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಅವುಗಳಿಗೊಂದು ಲಾರಿಯೂ ಸಿಕ್ಕಿತು. ಚಾ ಕುಡಿಯುತ್ತಿದ್ದ ಫಾರೆಸ್ಟ್ ಗಾರ್ಡ್ ಬಸವಂತರಾಯ ಲೋಟ ಕೆಳಗಿಟ್ಟ.

ಬಸವಂತರಾಯ ಕಲಬುರ್ಗಿ ಕಡೆಯ ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವನು. ಬೀಟೆಯನ್ನು ನೋಡಿದ್ದು ಹೆಚ್ಚಾಗಿ ಟ್ರೇನಿಂಗಿನ ಚಿತ್ರಗಳಲ್ಲಿ. ಖಾಕಿ ತೊಟ್ಟವನು ಬೈಕಿನಿಂದ ಇಳಿದು ಅಂಗಳಕ್ಕೆ ಬಂದಾಗ ಮಾದೇವನಿಗೆ ಸಂತೋಷವೇ ಆಯಿತು. ಕೇಳಲು ಇನ್ನೊಬ್ಬ ಸಿಕ್ಕಿದ. ಹೇಗೆ ಕಾಣುತ್ತದೆ ಸರ್ ಎಂದು ತಾನಾಗಿಯೇ ಕೇಳಿದ.

“ಥೇಟ್ ಬೀಟಿ ಕಂಡಂಗ ಕಾಣ್ತದಲ್ರಿ,” ಎಂದ ಬಸವಂತರಾಯ.

ಮಾದೇವ ಅವನ ಕೈ ಕುಲುಕಿದ. ಕೈಗೆ ಬಣ್ಣ ಹತ್ತಿತು. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಆಸಾಮಿಯನ್ನು ಬಸವಂತರಾಯ ಕಂಡಿರಲಿಲ್ಲ. ಎಲ್ಲಿಂದ ತಂದದ್ದು ಎಂದು ಕೇಳಿದ. ಭಟ್ಕಳದಿಂದ, ಬಸ್ಸಿನಲ್ಲಿ ಎಂದ ಮಾದೇವ. ಎಷ್ಟು ತಂದದ್ದು ಎಂದರೆ ಒಂದು ಲೀಟರ್ ಎಂದ. ಬೀಟೆಯನ್ನು ಲೀಟರಿನಲ್ಲಿ ಅಳೆಯುವುದು ಈ ಕರಾವಳಿಯ ಕಳ್ಳರ ಗುಟ್ಟಿನ ಭಾಷೆ ಇರಬೇಕೆಂದು ಬಸವಂತರಾಯ ಊಹಿಸಿದ. ಇನ್ನೂ ಎಲ್ಲೆಲ್ಲಿ ಇದೆ ಎಂದು ದನಿ ತಗ್ಗಿಸಿ ಕೇಳಿದ. ಅಂಗಡಿ ತುಂಬ ಇದೆ, ನಿಮಗೂ ಬೇಕಾದರೆ ಬರುವಾಗ ತಂದುಕೊಡುತ್ತೇನೆ ಎಂದು ಮಾದೇವನೂ ದನಿ ತಗ್ಗಿಸಿಯೇ ಹೇಳಿದ, ಎದುರಿನವರು ದನಿ ತಗ್ಗಿಸಿದರೆ ತಾನೂ ತಗ್ಗಿಸುವುದು ಮರ್ಯಾದೆ ಎಂದು.

ಸರಕಾರಿ ನೌಕರನಿಗೆ ಆಮಿಷ ಒಡ್ಡಿದ್ದೂ ಸೇರಿತು ಎಂದ ಬಸವಂತರಾಯ. ತೊಟ್ಟಿಲನ್ನು ಡಿಪೋಕ್ಕೆ ಒಯ್ಯಬೇಕು, ಗಾಡಿ ತರಿಸುತ್ತೇನೆ, ನೀವೂ ಜೊತೆಗೆ ಬನ್ನಿ ಎಂದ. ಡಿಪೋ ಎಂದರೆ ಬಸ್ ಡಿಪೋ ಎಂದುಕೊಂಡ ಮಾದೇವ, ಕುಮಟೆಗೆ ಮುಟ್ಟಿಸುವ ಏರ್ಪಾಡು ಸರಕಾರದಿಂದಲೇ ಆಯಿತಲ್ಲ ಎಂದು ಕೈಮುಗಿದ. ಅದು ಮರದ ಡಿಪೋ ಎಂದು ಶಾನಭಾಗ ಮಾಮ ಬೇಲಿಯ ಆಚೆಯಿಂದ ಬಿಡಿಸಿ ಹೇಳಿದ ಮೇಲೆಯೇ ಅವನು ಮುಗಿದ ಕೈ ಇಳಿಸಿ ತೊಟ್ಟಿಲಿಗೆ ಅಡ್ಡ ನಿಂತದ್ದು. ನಾಳೆ ನಾಮಕರಣ. ಕೂಸಿಗೆ ತೊಟ್ಟಿಲಿಲ್ಲ. ಅತ್ತೆಯ ಮುಂದೆ ರೇಖಾ ಕೊಟ್ಟ ಮಾತು ಅರಣ್ಯ ಇಲಾಖೆಯ ಪಾಲು.

ಅದು ಹಲಸು ಸರ್, ಬರೀ ಹಲಸು, ಬಣ್ಣ ಮಾತ್ರ ನನ್ನದು ಎಂದು ಅವನು ಅಂಗಲಾಚುತ್ತಿದ್ದಾಗಲೇ ದಣಪೆಯ ಹೊರಗೆ ಒಂದು ಓಮ್ನಿ ಬಂದು ನಿಂತಿತು. ಈ ಪಾಪದವನು ತೊಟ್ಟಿಲನ್ನು ಬಸ್ಸಿಗೆ ಹಾಕಿ ತಾನು ಬೇರೆ ಬಸ್ಸು ಹತ್ತಿಯಾನು ಎಂದು ಕಮಲಿ ಅತ್ತೆ ರೇಖಾಳನ್ನು ಕರೆದುಕೊಂಡು ತಾನೇ ಬಂದಿದ್ದಳು. ಕುಟುಂಬದ ಹಿರಿಯಳು. ಬೈಯುವಾಗ ದನಿ ಏರಿಸುವ ಅಭ್ಯಾಸವಿಲ್ಲ, ಅದಕ್ಕೇ ಎಲ್ಲರಿಗೂ ಹೆದರಿಕೆ. ಅಂಗಳಕ್ಕೆ ಕಾಲಿಟ್ಟವಳು ಖಾಕಿಯವನನ್ನು ನೋಡಿದಳು, ಮಾದೇವನನ್ನು ನೋಡಿದಳು, ಕೊನೆಗೆ ಮಧ್ಯದಲ್ಲಿದ್ದ ಕರಿಯ ವಸ್ತುವನ್ನು ನೋಡಿದಳು.

“ನಮ್ಮ ತೊಟ್ಟಿಲು ಎಲ್ಲಿ?”

ಇದೇ ಅತ್ತೆ ಎಂದ ಮಾದೇವ.

“ನಮ್ಮದಕ್ಕೆ ಗಿಳಿ ಇತ್ತು. ಇದಕ್ಕೆ ಕಾಗೆ ಅದೆ. ಯಾರಿಗೆ ಕೊಟ್ಟು ಇದ್ನ ತಂದ್ಯೋ?”

ರೇಖಾ ಬಿಳಿಚಿಹೋದಳು. ಅಜ್ಜನ ತೊಟ್ಟಿಲನ್ನು ನಿನ್ನ ಗಂಡ ಬದಲಾಯಿಸಿದ ಎಂಬ ಮಾತು ಒಂದು ಸಲ ಕುಮಟೆ ಮುಟ್ಟಿದರೆ, ಅವಳು ಇನ್ನು ಆ ಮನೆಯ ಹೊಸಿಲಲ್ಲಿ ತಲೆ ಎತ್ತುವ ಹಾಗಿಲ್ಲ. ಅವಳು ಗಂಡನನ್ನು ನೋಡಿದಳು. ಮಾದೇವ ಬಣ್ಣದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮುಖ ಕಾಣುವ ತೊಟ್ಟಿಲು ಯಾರಿಗೆ ಬೇಕಾಗಿತ್ತು ಎಂದು ಅವನಿಗೆ ಮೊದಲ ಸಲ ಅನಿಸಿತು.

ಈಗ ಅವನ ಸ್ಥಿತಿ ಹೀಗಿತ್ತು. ಗಾರ್ಡಿನ ಕಡೆ ತಿರುಗಿ ಇದು ಹಳೆಯ ಹಲಸಿನ ತೊಟ್ಟಿಲು ಎಂದರೆ ಅತ್ತೆ ಅಲ್ಲ ಎನ್ನುತ್ತಿದ್ದಳು. ಅತ್ತೆಯ ಕಡೆ ತಿರುಗಿ ಬಣ್ಣ ಭಟ್ಕಳದ್ದು ಎಂದರೆ ಗಾರ್ಡು ಬರೆದುಕೊಳ್ಳುತ್ತಿದ್ದ. ತಿರುಗಿ ತಿರುಗಿ ಕೊನೆಗೆ ಗಾರ್ಡನ್ನೇ ಅತ್ತೆ ಎಂದು ಕರೆದುಬಿಟ್ಟ. ಕೆರೆದು ನೋಡಿದರೆ ಆಯಿತಲ್ಲ ಎಂದು ಶಾನಭಾಗ ಮಾಮ ಸೂಚಿಸಿದರು, ಅವರಿಗೆ ಅಭಿಪ್ರಾಯ ಕೊಟ್ಟು ಕೊಟ್ಟು ರುಚಿ ಹತ್ತಿತ್ತು.

ಬಸವಂತರಾಯ ಚಾಕು ತೆಗೆದು ತಳದ ಮೂಲೆಯಲ್ಲಿ ಕೆರೆದ. ಕಪ್ಪು ಸಿಪ್ಪೆ ಎದ್ದು ಬಂತು. ಅದರ ಕೆಳಗೆ ಅಚ್ಚ ಹಳದಿ.

ಕಮಲಿ ಅತ್ತೆ ಬಗ್ಗಿ ನೋಡಿದಳು. ಆ ಹಳದಿಯ ಗುರುತು ಅವಳಿಗೆ ಹತ್ತಿತು. ಹೌದು, ನಮ್ಮದೇ, ಸಾಕು ನಿಲ್ಲಿಸಿ ಎಂದಳು. ರೇಖಾ ಉಸಿರು ಬಿಟ್ಟಳು. ಮಾದೇವ ಕಟ್ಟೆಯ ಮೇಲೆ ಕೂತುಬಿಟ್ಟ. ಆದರೆ ಬಸವಂತರಾಯ ಕೆಲಸದಲ್ಲಿ ನಿಷ್ಠಾವಂತ. ಹಳದಿಯೂ ಸಿಪ್ಪೆಯಾಗಿಯೇ ಏಳುತ್ತಿದೆಯಲ್ಲ ಎಂದು ಇನ್ನೂ ಕೆರೆದ. ಕಮಲಿ ಅತ್ತೆ ಸಾಕು ಸಾಕು ಎಂದು ಮತ್ತೆರಡು ಸಲ ಹೇಳಿದಳು, ಎರಡನೆಯ ಸಲ ದನಿ ಏರಿತು. ಅವಳ ದನಿ ಏರಿದ್ದನ್ನು ರೇಖಾ ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಹಳದಿಯ ಕೆಳಗೆ ಮರ ಮತ್ತೆ ಕಪ್ಪಾಗಿತ್ತು. ನೇರಳೆ ಹೊಡೆಯುವ ಕಂದು, ನಡುವೆ ಕರಿಯ ಗೆರೆ.

ಬಸವಂತರಾಯ ಚಾಕು ಹಿಡಿದೇ ತಲೆ ಕೆರೆದುಕೊಂಡ. ಮೇಲೆ ಕಪ್ಪು, ನಡುವೆ ಹಳದಿ, ಕೆಳಗೆ ಮತ್ತೆ ಕಪ್ಪು. ಟ್ರೇನಿಂಗಿನಲ್ಲಿ ಇಂಥ ಮರದ ಪಾಠ ಆಗಿರಲಿಲ್ಲ. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಕಮಲಿ ಅತ್ತೆ. ದನಿ ಮತ್ತೆ ತಗ್ಗಿತ್ತು.

“ಬಣ್ಣ ಒಳಗೆ ಇಳಿದದೆ, ಮತ್ತೆಂತ? ಅಂವ ಎಷ್ಟು ಸಲ ಹಚ್ಚಿದ್ನೋ ಕೇಳಿ.”

ಬಸವಂತರಾಯ ಕೇಳಿದ. ಮಾದೇವನಿಗೆ ಲೆಕ್ಕ ಇರಲಿಲ್ಲ. ಶಾನಭಾಗ ಮಾಮ ತಾವೇ ಏಳೆಂಟು ಸಲ ಹಚ್ಚಿಸಿದ್ದಾಗಿ ಸಾಕ್ಷಿ ಹೇಳಿದರು. ಪ್ರತಿ ಸಲ ಹಚ್ಚಿದ ಮೇಲೆ ಒರಸಲಿಲ್ಲವೇ ಎಂದು ಬಸವಂತರಾಯ ಕೇಳಿದ. ಒರಸುವುದು ಯಾಕೆ ಎಂದ ಮಾದೇವ. ಮೊಬೈಲು ತಂದು ವಿಡಿಯೋ ಹಾಕಿ, ನೋಡಿ, ಕೇಳಿ ಎಂದೇ ಹೇಳಿದ್ದಾನೆ ಎಂದು ತೋರಿಸಿದ. ಬಸವಂತರಾಯನ ಊರಲ್ಲಿ ಹಿಂದಿ, ಉರ್ದು ಎಲ್ಲ ಮನೆಯ ಮಾತು. ಅವನು ಆ ಒಡಕು ದನಿಯನ್ನು ಕಿವಿಗೆ ಹಿಡಿದು ಕೇಳಿದ, ಇನ್ನೊಮ್ಮೆ ಕೇಳಿದ. ಆಮೇಲೆ ಮೊಬೈಲು ಕೆಳಗಿಟ್ಟು ಬಹಳ ಹೊತ್ತು ನಕ್ಕ.

“ಪೂಛೋ ಅಲ್ರಿ, ಪೋಂಛೋ. ಒರಸು ಅಂತಾನ. ನೀವು ಒರಸಾದು ಬಿಟ್ಟು ಊರ ಮಂದಿನ್ನ ಕೇಳ್ಕೋತ ಹೋಗೀರಿ. ಅದಕ್ಕ ಬಣ್ಣ ಪೂರಾ ಮರದಾಗ ಇಳದದ ನೋಡ್ರಿ.”

ಈ ವಿವರಣೆ ಅವನಿಗೇ ಬಹಳ ಒಪ್ಪಿತು. ಹಳದಿ ಪದರವನ್ನು ದಾಟಿ ಕಪ್ಪು ಹೇಗೆ ಇಳಿಯಿತು ಎಂಬ ಒಂದು ಸಣ್ಣ ತೊಡಕು ಉಳಿದಿತ್ತು. ಆದರೆ ಲೀಟರಿನ ಗುಟ್ಟು ಬಿಡಿಸಿದ ಸಮಾಧಾನದಲ್ಲಿ ಅದು ಮುಂದೆ ಬರಲಿಲ್ಲ. ಹೊರಡುವಾಗ ಮಾದೇವನನ್ನು ಪಕ್ಕಕ್ಕೆ ಕರೆದು, ಕ್ವಾರ್ಟರ್ಸಿನ ಬಾಗಿಲೊಂದು ಬಣ್ಣಗೆಟ್ಟಿದೆ, ಹೀಗೇ ಒಳಗಿನವರೆಗೆ ಇಳಿಯುವ ಹಾಗೆ ಹಚ್ಚಿಕೊಡುತ್ತೀರಾ ಎಂದು ಕೇಳಿದ. ಮಾದೇವ ಆ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬಿಡುವು ನೋಡಿ ಹೇಳುತ್ತೇನೆ ಎಂದ.

ತೊಟ್ಟಿಲನ್ನು ಎಲ್ಲರೂ ಸೇರಿ ಓಮ್ನಿಗೆ ಏರಿಸಿದರು. ಮಾದೇವ ತೆಂಗಿನಕಾಯಿ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ. ಕುಮಟೆಯವರೆಗೂ ಡ್ರೈವರನಿಗೆ ಬಣ್ಣ ಮರದೊಳಗೆ ಇಳಿಯುವ ಬಗೆಯನ್ನು ವಿವರಿಸುತ್ತಿದ್ದ. ಹಿಂದೆ ಕಮಲಿ ಅತ್ತೆ ರೇಖಾಳ ಕಿವಿಗೆ ಬಾಯಿಟ್ಟು ಬೇರೆ ಬಗೆ ವಿವರಿಸುತ್ತಿದ್ದಳು. ಅಜ್ಜ ಈ ತೊಟ್ಟಿಲು ಮಾಡಿಸಿದ ಕಾಲದಲ್ಲೂ ಫಾರೆಸ್ಟಿನವರು ಇದ್ದರು. ಅವರು ಅಂಗಳಕ್ಕೆ ಬರುವ ಹಿಂದಿನ ದಿನ ಅಜ್ಜ ಕೂತು, ಗಿಳಿ ಸಮೇತ ಇಡೀ ತೊಟ್ಟಿಲಿಗೆ ಹಳದಿ ಬಳಿದು, ಇದು ಹಲಸು ಎಂದು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದ್ದ.

ರೇಖಾ ಮುಂದಿನ ಸೀಟನ್ನು ನೋಡಿದಳು. ಬಣ್ಣ ಮೆತ್ತಿದ ಕಿವಿ, ಬಣ್ಣ ಮೆತ್ತಿದ ಕತ್ತು. ಬೀಟೆಗೆ ಬೀಟೆಯ ಬಣ್ಣ ಹಚ್ಚಲು ಒಂದು ದಿನ ರಜೆ ಹಾಕಿದ ಗಂಡ. ಅವಳಿಗೆ ನಗು ಬಂತು, ನಗುವಿನ ಜೊತೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ಇವರಿಗೆ ಹೇಳಲೇ ಎಂದು ಪಿಸುಗುಟ್ಟಿದಳು.

ಬೇಡ ಎಂದಳು ಅತ್ತೆ. “ನಿಜವೋ ಅಂತ ಹೋಗಿ ಯಾರನ್ನಾದ್ರೂ ಕೇಳ್ತ ಅಂವ.”

ಮರುದಿನ ಹಳೆಯ ಸೀರೆ ಸುತ್ತಿದ ತೊಟ್ಟಿಲಲ್ಲಿ ಕೂಸು ಸುಖವಾಗಿ ಮಲಗಿತು. ಫಾರೆಸ್ಟಿನವರನ್ನೇ ಬೆಪ್ಪು ಮಾಡಿದ ಅಳಿಯ ಎಂದು ಕಮಲಿ ಅತ್ತೆ ಎಲ್ಲರೆದುರು ಹೇಳಿ, ಅವನ ಎಲೆಗೆ ಎರಡನೇ ಸಲ ಪಾಯಸ ಹಾಕಿಸಿದಳು. ಕುಮಟೆಯವರು ಸುತ್ತ ಕೂತು ಮಾದೇವನ ಮಾತನ್ನು ಕೊನೆಯವರೆಗೂ ಕೇಳಿದರು. ಊಟವಾದ ಮೇಲೆ ರೇಖಾ ಒಂದು ಡಬ್ಬಿ ಹಳದಿ ಬಣ್ಣ ಮತ್ತು ಒಂದು ಬ್ರಶ್ಶು ತಂದು ಅವನ ಕೈಗೆ ಕೊಟ್ಟಳು. ಅತ್ತೆಗೆ ಕಾಗೆ ಸರಿ ಕಾಣುವುದಿಲ್ಲವಂತೆ, ನಾಳೆಯೇ ಮೊದಲಿನ ಹಾಗೆ ಮಾಡಬೇಕಂತೆ ಎಂದಳು.

“ನೀವೇ ಹಚ್ಚಿ. ಆದ್ರೆ ಈ ಸಲ ಯಾರನ್ನೂ ಕೇಳ್ಬೇಡಿ.”

ಆತು ಎಂದ ಮಾದೇವ. ಡಬ್ಬಿಯನ್ನು ತಿರುಗಿಸಿ ನೋಡಿ, ಒಂದು ಗಳಿಗೆ ಯೋಚಿಸಿ, ಹಾಗಾದರೆ ಒರಸಬೇಕೋ ಬೇಡವೋ ಎಂದು ಕೇಳಲು ಅತ್ತೆಯ ಹತ್ತಿರ ಹೋದ.